ಮಳೆಗಾಲದ ಎರಡು ತಿಂಗಳಿಗೆ ಹತ್ತು ತಿಂಗಳ ತಯಾರಿ



ನಮ್ಮ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನು ಮೊಟ್ಟೆಯಿಡುವ ಕಾಲವಾದ್ದರಿಂದ ಇದು ಅಗತ್ಯವೇ. ಆದರೆ ಬೋಟಿನಲ್ಲಿ, ಐಸ್ ಪ್ಲಾಂಟಿನಲ್ಲಿ, ಮೀನಿನ ಲಾರಿಯಲ್ಲಿ ದುಡಿಯುವವರ ಮನೆಗಳಲ್ಲಿ ಆದಾಯ ನಿಲ್ಲುವುದೂ ಶಾಲೆ ಶುರುವಾಗುವುದೂ ಒಂದೇ ಹೊತ್ತಿಗೆ. ಆಗ ತಾಯಿಯ ಬಳೆ ಅಡವಿಗೆ ಹೋಗುತ್ತದೆ. ಕೆಲವೊಮ್ಮೆ ಹಿರಿಮಗನ ಓದೇ ನಿಲ್ಲುತ್ತದೆ.

ಈ ಕಷ್ಟ ಬರುವ ತಾರೀಕು ಮೊದಲೇ ಗೊತ್ತಿರುವುದರಿಂದ ಲೆಕ್ಕ ಸುಲಭ. ಅಕ್ಕಿ, ಬಾಡಿಗೆ, ಕರೆಂಟು, ಔಷಧಿ ಸೇರಿ ತಿಂಗಳಿಗೆ 10,000 ರೂಪಾಯಿ ಬೇಕಾದರೆ ಎರಡು ತಿಂಗಳಿಗೆ 20,000. ಆಗಸ್ಟಿನಿಂದ ಮೇ ತನಕ ತಿಂಗಳಿಗೆ 2,000 ತೆಗೆದಿಟ್ಟರೆ ಸಾಕು. ಮೀನು ಚೆನ್ನಾಗಿ ಸಿಕ್ಕ ತಿಂಗಳು ಹೆಚ್ಚು, ಇಲ್ಲದಾಗ ಕಡಿಮೆ ಇಡಬಹುದು.

ಮನೆಯ ಡಬ್ಬಿಯಲ್ಲಿಟ್ಟ ಹಣ ಖರ್ಚಾಗಿಬಿಡುತ್ತದೆ. ಅಂಚೆ ಕಚೇರಿಯ ಉಳಿತಾಯ ಖಾತೆಯನ್ನು 500 ರೂಪಾಯಿಗೆ ತೆರೆಯಬಹುದು, ಬೇಕಾದಾಗ ಹಣ ತೆಗೆಯಬಹುದು. ಅಲ್ಲಿನ 5 ವರ್ಷದ ಆರ್.ಡಿ. ಇದಕ್ಕೆ ಹೊಂದುವುದಿಲ್ಲ, 3 ವರ್ಷಕ್ಕೆ ಮೊದಲು ಅದನ್ನು ಮುಚ್ಚಲಾಗದು.

ನಾವು ಕೊಡುವ ವಿದ್ಯಾರ್ಥಿವೇತನ ಶಾಲೆಯ ಶುಲ್ಕಕ್ಕೆ. ಮನೆಖರ್ಚಿಗೆ ಅದು ಸಾಲದು. ಆದ್ದರಿಂದ ಪೋಷಕರು ಆಗಸ್ಟಿನಲ್ಲೇ ಈ ಖಾತೆ ಆರಂಭಿಸಬೇಕೆಂದು ಕೋರುತ್ತೇವೆ. ಮಕ್ಕಳ ಓದು ನಡುವೆ ನಿಲ್ಲದಿದ್ದರೆ ದಾನಿಗಳ ನೆರವೂ ಸಾರ್ಥಕ.