ವೇಗ ಬೇಕೆ? ಮೊದಲು ಬಿಸಿ ಇಳಿಸಿ

ಡೆಸ್ಕ್‌ಟಾಪ್ ಪ್ರೊಸೆಸರ್‌ನಿಂದ ಕೊಟ್ಟ ದುಡ್ಡಿಗಿಂತ ಹೆಚ್ಚು ಕೆಲಸ ತೆಗೆಯುವ ವಿದ್ಯೆ ಓವರ್‌ಕ್ಲಾಕಿಂಗ್. ಇಂದು ಆ ವಿದ್ಯೆಯ ಮುಕ್ಕಾಲು ಪಾಲು ಶಾಖ ನಿರ್ವಹಣೆಯೇ.

1998ರ ಆಗಸ್ಟ್‌ನಲ್ಲಿ ಇಂಟೆಲ್ ಎರಡು ಪ್ರೊಸೆಸರ್‌ಗಳನ್ನು ಒಟ್ಟಿಗೆ ಮಾರುಕಟ್ಟೆಗೆ ಬಿಟ್ಟಿತು. 450 ಮೆಗಾಹರ್ಟ್ಸ್‌ನ ಪೆಂಟಿಯಂ-2ಕ್ಕೆ 669 ಡಾಲರ್, 300 ಮೆಗಾಹರ್ಟ್ಸ್‌ನ ಸೆಲೆರಾನ್ 300ಎಗೆ 149 ಡಾಲರ್. ಅಗ್ಗದ ಚಿಪ್ಪನ್ನು ದುಬಾರಿ ಚಿಪ್ಪಿನ ವೇಗಕ್ಕೆ ಓಡಿಸಬಹುದೆಂದು ಹವ್ಯಾಸಿಗಳು ಬಲುಬೇಗ ಕಂಡುಕೊಂಡರು. ಪ್ರೊಸೆಸರ್‌ನ ವೇಗವೆಂದರೆ ಮದರ್‌ಬೋರ್ಡ್‌ನ ಬಸ್ ವೇಗವನ್ನು ಒಂದು ಗುಣಕದಿಂದ ಗುಣಿಸಿದ ಫಲ. ಸೆಲೆರಾನ್‌ನಲ್ಲಿ ಗುಣಕ ನಾಲ್ಕೂವರೆಗೆ ಬೀಗ ಹಾಕಿತ್ತು, ಬಸ್ಸಿಗೆ ಬೀಗ ಇರಲಿಲ್ಲ. 66 ಮೆಗಾಹರ್ಟ್ಸ್‌ನ ಬಸ್ಸನ್ನು 100ಕ್ಕೆ ಏರಿಸಿದರೆ ಲೆಕ್ಕ ನೇರವಾಗಿ 450ಕ್ಕೆ ಬರುತ್ತಿತ್ತು. ಬೋರ್ಡಿನಲ್ಲಿ ಆ ಆಯ್ಕೆ ಇಲ್ಲದವರು ಪ್ರೊಸೆಸರ್‌ನ ಒಂದು ಪಿನ್ನಿಗೆ ಟೇಪು ಅಂಟಿಸಿಯೂ ಇದನ್ನು ಸಾಧಿಸಿದರು. ಇದರ ಕ್ಯಾಶ್ ಮೆಮೊರಿ ಬರೀ 128 ಕಿಲೋಬೈಟ್ ಆದರೂ ಚಿಪ್ಪಿನೊಳಗೇ ಇದ್ದು ಪೂರ್ಣ ವೇಗದಲ್ಲಿ ಓಡುತ್ತಿತ್ತು. ಹಾಗಾಗಿ ಹಲವು ಕೆಲಸಗಳಲ್ಲಿ ಅದು ದುಬಾರಿ ಅಣ್ಣನಿಗೆ ಸರಿಸಮನಾಗಿ ನಿಂತಿತು.

ಓವರ್‌ಕ್ಲಾಕಿಂಗ್ ಜನಪ್ರಿಯವಾದದ್ದು ಹೀಗೆ. ಒಂದು ಅಂಕಿ ಬದಲಿಸಿದರೆ ವೇಗ ಸಿಗುತ್ತದೆ ಎಂಬ ನಂಬಿಕೆ ಬೇರೂರಿದ್ದೂ ಆಗಲೇ. ಇಂದಿನ ಪ್ರೊಸೆಸರ್‌ಗಳ ಮಟ್ಟಿಗೆ ಆ ನಂಬಿಕೆಯನ್ನು ಬಿಡಬೇಕಾಗಿದೆ.

ವೋಲ್ಟೇಜ್ ವಸೂಲು ಮಾಡುವ ಬೆಲೆ

ಟ್ರಾನ್ಸಿಸ್ಟರ್ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಬದಲಾದಾಗಲೆಲ್ಲ ಒಂದಿಷ್ಟು ವಿದ್ಯುತ್ತು ಶಾಖವಾಗುತ್ತದೆ. ವೇಗ ಹೆಚ್ಚಿದಷ್ಟೇ ಈ ಶಾಖವೂ ಹೆಚ್ಚುತ್ತದೆ. ವೋಲ್ಟೇಜಿನ ಲೆಕ್ಕ ಮಾತ್ರ ಬೇರೆ: ಶಾಖ ಏರುವುದು ಅದರ ವರ್ಗಕ್ಕೆ ತಕ್ಕಂತೆ. ಒಂದು ಮಿತಿ ದಾಟಿದ ಮೇಲೆ ವೋಲ್ಟೇಜ್ ಹೆಚ್ಚಿಸದೆ ವೇಗ ಹೆಚ್ಚಿಸಲಾಗದು. ವೇಗವನ್ನೂ ವೋಲ್ಟೇಜನ್ನೂ ಶೇ 10ರಷ್ಟು ಏರಿಸಿದರೆ ಶಾಖ ಸುಮಾರು ಶೇ 33ರಷ್ಟು ಹೆಚ್ಚುತ್ತದೆ. ಹತ್ತು ಪಡೆಯಲು ಮೂವತ್ಮೂರು ತೆರುವ ವ್ಯವಹಾರ ಇದು.

ತಯಾರಕರನ್ನೂ ಈ ಲೆಕ್ಕ ಬಿಡಲಿಲ್ಲ. ಪೆಂಟಿಯಂ-4ನ್ನು 4 ಗಿಗಾಹರ್ಟ್ಸ್‌ಗೆ ಒಯ್ಯುವ ಯೋಜನೆಯನ್ನು 2004ರಲ್ಲಿ ಇಂಟೆಲ್ ಕೈಬಿಟ್ಟಿತು. ಅದಕ್ಕಾಗಿ ಸಂಸ್ಥೆಯ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಸಮ್ಮೇಳನವೊಂದರ ವೇದಿಕೆಯಲ್ಲಿ ಮಂಡಿಯೂರಿ ಕ್ಷಮೆ ಕೇಳಿದರು. ಅಲ್ಲಿಂದಾಚೆ ಉದ್ಯಮ ಒಂದೇ ಕೋರ್‌ನ ವೇಗ ಬಿಟ್ಟು ಕೋರ್‌ಗಳ ಸಂಖ್ಯೆಯತ್ತ ಹೊರಳಿತು. ದಾಖಲೆ ಮಾಡಹೊರಟವರ ಅನುಭವವೂ ಇದನ್ನೇ ಹೇಳುತ್ತದೆ. 2011ರಲ್ಲಿ ದ್ರವ ಹೀಲಿಯಂ ಸುರಿದು ಎಎಂಡಿ ಎಫ್ಎಕ್ಸ್-8150 ಚಿಪ್ಪನ್ನು 8.429 ಗಿಗಾಹರ್ಟ್ಸ್‌ಗೆ ಮುಟ್ಟಿಸಲಾಯಿತು. 9 ಗಿಗಾಹರ್ಟ್ಸ್ ದಾಟಿದ್ದು 2022ರ ಕೊನೆಗೆ, ಅದೂ ದ್ರವ ಹೀಲಿಯಂನಿಂದಲೇ.

ಚಿಪ್ಪೇ ಓವರ್‌ಕ್ಲಾಕರ್

2008ರಲ್ಲಿ ಬಂದ ನೆಹಾಲೆಮ್ ಪೀಳಿಗೆಯೊಂದಿಗೆ ಇಂಟೆಲ್ 'ಟರ್ಬೊ ಬೂಸ್ಟ್' ಪರಿಚಯಿಸಿತು. ತನ್ನ ಉಷ್ಣತೆ, ತಾನು ಎಳೆಯುವ ವಿದ್ಯುತ್ತು ಎರಡನ್ನೂ ಗಮನಿಸುತ್ತ, ಅವಕಾಶವಿದ್ದಾಗ ಚಿಪ್ಪು ತಾನಾಗಿ ವೇಗ ಏರಿಸಿಕೊಳ್ಳುತ್ತದೆ. ಎಎಂಡಿ ರೈಜೆನ್‌ನ 'ಪ್ರಿಸಿಷನ್ ಬೂಸ್ಟ್' ಕೂಡ ಇದೇ ಕೆಲಸ ಮಾಡುತ್ತದೆ. ರೈಜೆನ್ 7000 ಸರಣಿಯ ಮೇಲ್ದರ್ಜೆಯ ಚಿಪ್ಪುಗಳು ಭಾರಿ ಕೆಲಸದ ಹೊತ್ತಿನಲ್ಲಿ 95 ಡಿಗ್ರಿ ಸೆಲ್ಸಿಯಸ್‌ವರೆಗೂ ಹೋಗುವಂತೆಯೇ ರೂಪುಗೊಂಡಿವೆ. ಅಲ್ಲಿಗೆ ಮುಟ್ಟಿದೊಡನೆ ವೇಗ ತಗ್ಗಿಸಿಕೊಳ್ಳುತ್ತವೆ.

ಅಂದರೆ ಹಿಂದೆ ಹವ್ಯಾಸಿ ಮಾಡುತ್ತಿದ್ದ ಕೆಲಸದ ಬಹುಪಾಲನ್ನು ಚಿಪ್ಪೇ ಮಾಡುತ್ತಿದೆ. ನಮ್ಮ ಪಾಲಿಗೆ ಉಳಿದಿರುವುದು ಅದರ ಬಿಸಿಯನ್ನು ಹೊರಗೆ ಸಾಗಿಸುವುದು. ಉಷ್ಣತೆಯೇ ಅಡ್ಡಿಯಾಗಿರುವ ಕಡೆ, ಮದರ್‌ಬೋರ್ಡ್‌ನ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ ಒಂದಂಕಿಯನ್ನೂ ಮುಟ್ಟದೆ ಕೂಲಿಂಗ್ ಸುಧಾರಿಸಿದರೂ ವಿಡಿಯೊ ರೆಂಡರಿಂಗ್‌ನಂಥ ದೀರ್ಘ ಕೆಲಸ ಬೇಗ ಮುಗಿಯುತ್ತದೆ.

ಬಿಸಿ ಸಾಗುವ ದಾರಿ

ಚಿಪ್ಪಿನಿಂದ ಹೊರಟ ಶಾಖ ಅದರ ಲೋಹದ ಮುಚ್ಚಳ, ಥರ್ಮಲ್ ಪೇಸ್ಟ್, ಹೀಟ್‌ಸಿಂಕ್, ಕ್ಯಾಬಿನೆಟ್‌ನೊಳಗಿನ ಗಾಳಿ ಇಷ್ಟನ್ನೂ ದಾಟಿ ಕೋಣೆಗೆ ಬರಬೇಕು. ಎಲ್ಲಿ ತಡೆಯಾದರೂ ಹಿಂದೆ ಬಿಸಿ ಜಮೆಯಾಗುತ್ತದೆ. 2012ರ ಐವಿ ಬ್ರಿಡ್ಜ್ ಚಿಪ್ಪುಗಳಲ್ಲಿ ಮುಚ್ಚಳದಡಿಯ ಬೆಸುಗೆಯ ಬದಲಿಗೆ ಇಂಟೆಲ್ ಪೇಸ್ಟ್ ಬಳಸಿದಾಗ, ಅದನ್ನು ಬದಲಿಸಲೆಂದೇ ಉತ್ಸಾಹಿಗಳು ಮುಚ್ಚಳ ಕೀಳಲು ಶುರುಮಾಡಿದರು.

ಇಷ್ಟು ದೂರ ಹೋಗುವ ಅಗತ್ಯ ಬಹುತೇಕರಿಗಿಲ್ಲ. ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಹೀಟ್‌ಸಿಂಕ್‌ನ ರೆಕ್ಕೆಗಳಲ್ಲಿ ಕೂತ ದೂಳು ತೆಗೆಯುವುದು ಮೊದಲ ಕೆಲಸ. ಆಮೇಲೆ ಫ್ಯಾನುಗಳ ದಿಕ್ಕು ನೋಡಿ: ತಣ್ಣನೆ ಗಾಳಿ ಮುಂದಿನಿಂದ ಒಳಬಂದು, ಬಿಸಿಗಾಳಿ ಹಿಂದಿನಿಂದಲೂ ಮೇಲಿನಿಂದಲೂ ಹೊರಹೋಗಬೇಕು. ನಂತರದ ಸರದಿ ಪೇಸ್ಟಿನದು. ನುಣುಪಾಗಿ ಕಾಣುವ ಲೋಹದಲ್ಲೂ ಸೂಕ್ಷ್ಮ ತಗ್ಗುಗಳಿದ್ದು, ಅವುಗಳಲ್ಲಿ ಗಾಳಿ ಉಳಿಯುತ್ತದೆ. ಗಾಳಿಗಿಂತ ತಾಮ್ರ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಸಾಗಿಸುತ್ತದೆ. ಪೇಸ್ಟಿನ ಕೆಲಸ ಆ ಗಾಳಿಯನ್ನು ಹೊರದೂಡುವುದಷ್ಟೆ. ಹಳೆಯದು ಒಣಗಿದ್ದರೆ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ಹಾಕಿದರೆ ಸಾಮಾನ್ಯವಾಗಿ ಸಾಕು.

ಪ್ರೊಸೆಸರ್ ಜೊತೆ ಬರುವ ಪುಟ್ಟ ಕೂಲರ್ ಸಾಲದಾದಾಗ ಟವರ್ ಕೂಲರ್ ಕೊಳ್ಳುವುದು ಒಳ್ಳೆಯದು. ಅದರ ತಾಮ್ರದ ಹೀಟ್‌ಪೈಪ್‌ಗಳೊಳಗೆ ಗಾಳಿ ತೆಗೆದು ಸ್ವಲ್ಪವೇ ದ್ರವ ಇಟ್ಟಿರುತ್ತಾರೆ. ಒತ್ತಡ ಕಡಿಮೆಯಿರುವುದರಿಂದ ಅದು ಬೇಗ ಆವಿಯಾಗಿ, ರೆಕ್ಕೆಗಳತ್ತ ಹೋಗಿ, ತಣಿದು ದ್ರವವಾಗಿ ಮತ್ತೆ ಹಿಂದಿರುಗುತ್ತದೆ. ಸವೆಯುವ ಭಾಗವೆಂದರೆ ಫ್ಯಾನ್ ಒಂದೇ. ಲಿಕ್ವಿಡ್ ಕೂಲರ್ ಹೆಚ್ಚು ಶಾಖ ಹೊರಬಲ್ಲದು, ಆದರೆ ಅದರ ಪಂಪಿಗೆ ಆಯಸ್ಸಿನ ಮಿತಿಯಿದೆ.

ಏರಿಸುವ ಮುನ್ನ ಇಳಿಸಿ

ಬಯಾಸ್‌ಗೆ ಕೈಹಾಕುವವರು ವೋಲ್ಟೇಜ್ ಇಳಿಸುವುದರಿಂದಲೇ ಶುರುಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದೇ ವೇಗದಲ್ಲಿ ವೋಲ್ಟೇಜನ್ನು ಶೇ 5ರಷ್ಟು ತಗ್ಗಿಸಿದರೆ ಶಾಖ ಸುಮಾರು ಶೇ 10ರಷ್ಟು ಇಳಿಯುತ್ತದೆ. ಹೀಗೆ ಸಿಕ್ಕ ಜಾಗವನ್ನು ಚಿಪ್ಪು ವೇಗಕ್ಕೆ ಬಳಸಿಕೊಳ್ಳುತ್ತದೆ. ರೈಜೆನ್‌ನಲ್ಲಿ ಇದಕ್ಕೆಂದೇ 'ಕರ್ವ್ ಆಪ್ಟಿಮೈಸರ್' ಇದೆ. ಅತಿ ವೋಲ್ಟೇಜಿನ ಅಪಾಯ ತಿಳಿಯಲು 2024ರ ಪ್ರಕರಣ ಸಾಕು: ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಹಲವು ಡೆಸ್ಕ್‌ಟಾಪ್ ಚಿಪ್ಪುಗಳು ಅಸ್ಥಿರವಾದಾಗ, ಮಿತಿಮೀರಿದ ವೋಲ್ಟೇಜ್ ಕಾರಣವೆಂದು ಕಂಪನಿಯೇ ಒಪ್ಪಿ, ಮೈಕ್ರೊಕೋಡ್ ಸರಿಪಡಿಸಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು.

ಅದಾದ ಮೇಲೂ ಹೆಚ್ಚಿನ ವೇಗ ಬೇಕೆನಿಸಿದರೆ 100 ಮೆಗಾಹರ್ಟ್ಸ್‌ನಂತೆ ಏರಿಸಿ, ಪ್ರತಿ ಹಂತದಲ್ಲೂ ಪ್ರೈಮ್95ನಂಥ ಪರೀಕ್ಷೆ ಓಡಿಸಿ. ಫ್ಯಾನಾಗಲಿ ನೀರಾಗಲಿ ಚಿಪ್ಪನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಕೋಣೆಗಿಂತ 50 ಡಿಗ್ರಿ ಹೆಚ್ಚು ಬಿಸಿಯಾಗುವ ಚಿಪ್ಪು 22 ಡಿಗ್ರಿಯ ಬೆಂಗಳೂರಿನ ಕೋಣೆಯಲ್ಲಿ 72ರಲ್ಲಿ ನಿಲ್ಲುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ಕೋಣೆಯೇ 40 ಡಿಗ್ರಿ ಇದ್ದರೆ 90 ಮುಟ್ಟುತ್ತದೆ. ಆದ್ದರಿಂದ ನಿಮ್ಮ ಸೆಟ್ಟಿಂಗ್ ಪಕ್ಕಾ ಆಯಿತೆಂದು ನಂಬುವ ಮುನ್ನ ನಿಮ್ಮೂರಿನ ಕಡುಬೇಸಗೆಯ ಒಂದು ಮಧ್ಯಾಹ್ನ ಮತ್ತೆ ಪರೀಕ್ಷಿಸಿ. ಆಗಲೂ ಅಲ್ಲಾಡದ ವೇಗವನ್ನೇ ವರ್ಷಪೂರ್ತಿ ನೆಚ್ಚಬಹುದು.