ಸೇವೆ ಮಾಡುವವರ ದಣಿವು

1970ರ ದಶಕದ ಆರಂಭದ ನ್ಯೂಯಾರ್ಕ್. ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಹಗಲೆಲ್ಲ ತಮ್ಮ ಖಾಸಗಿ ರೋಗಿಗಳನ್ನು ನೋಡಿ, ಸಂಜೆ ಒಂದು ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದರು. ಅಲ್ಲಿಗೆ ಬರುತ್ತಿದ್ದವರಲ್ಲಿ ಮಾದಕ ವ್ಯಸನಿಗಳೇ ಹೆಚ್ಚು. ಆದರೆ ಫ್ರಾಯ್ಡನ್‌ಬರ್ಗರ್ ಅವರನ್ನು ಚಿಂತೆಗೆ ಹಚ್ಚಿದ್ದು ಸ್ವಯಂಸೇವಕರ ಸ್ಥಿತಿ. ಹುಮ್ಮಸ್ಸಿನಿಂದ ಬಂದವರಿಗೆ ವರ್ಷ ಕಳೆಯುವಷ್ಟರಲ್ಲಿ ತಲೆನೋವು, ನಿದ್ದೆಗೇಡು, ಮಾತು ಮಾತಿಗೂ ಸಿಡುಕು. ಹೆಚ್ಚು ಮನಸ್ಸಿಟ್ಟು ದುಡಿದವರೇ ಮೊದಲು ಕುಸಿಯುತ್ತಿದ್ದರು. ಈ ಸ್ಥಿತಿಯ ಬಗ್ಗೆ 1974ರಲ್ಲಿ ಫ್ರಾಯ್ಡನ್‌ಬರ್ಗರ್ ಬರೆದ ಲೇಖನದಿಂದ ‘ಬರ್ನ್‌ಔಟ್’ ಎಂಬ ಹೆಸರು ವಿಜ್ಞಾನದ ಚರ್ಚೆಗೆ ಬಂತು. ಐಟಿ ಕಂಪನಿಗಳ ಕಾಯಿಲೆ ಎಂದು ನಾವು ತಿಳಿದಿರುವುದು ಮೊದಲು ಕಂಡದ್ದು ಇಂಥ ಸೇವಾಸಂಸ್ಥೆಯಲ್ಲಿ!

1981ರಲ್ಲಿ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಇದನ್ನು ಅಳೆಯಲು ಪ್ರಶ್ನಾವಳಿಯೊಂದನ್ನು ರೂಪಿಸಿದರು. ಅದು ಹುಡುಕುವುದು ಮೂರು ಲಕ್ಷಣಗಳನ್ನು: ಮನಸ್ಸು ಬತ್ತಿಹೋಗುವುದು, ಎದುರಿಗಿರುವ ಮನುಷ್ಯ ಬರೀ ‘ಕೇಸ್’ ಆಗಿ ಕಾಣುವುದು, ಎಷ್ಟು ಮಾಡಿದರೂ ಏನೂ ಆಗಲಿಲ್ಲ ಅನ್ನಿಸುವುದು. ನನಗೆ ಎರಡನೆಯದೇ ಹೆಚ್ಚು ಅಪಾಯವೆನ್ನಿಸುತ್ತದೆ. ಹಾಸಿಗೆ ಹಿಡಿದ ಅಜ್ಜಿಯ ಪಕ್ಕ ಕೂತು ಮಾತಾಡಿಸುತ್ತಿದ್ದ ಆರೈಕೆಯ ಕಾರ್ಯಕರ್ತೆ ಈಗ ಬಾಗಿಲಲ್ಲೇ ಮಾತ್ರೆ ಕೊಟ್ಟು ಹೊರಡುತ್ತಾಳೆ. ‘ಎಷ್ಟು ಒರಟು’ ಎನ್ನುತ್ತಾರೆ ಮನೆಯವರು. ಅದು ಒರಟುತನವಲ್ಲ, ಇನ್ನಷ್ಟು ನೋವು ತಾಳಲಾರದ ಮನಸ್ಸು ತನ್ನನ್ನು ಕಾಪಾಡಿಕೊಳ್ಳುವ ಬಗೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಎನ್ನಲಿಲ್ಲ. ಸರಿಯಾಗಿ ನಿಭಾಯಿಸದ, ದೀರ್ಘಕಾಲದ ಕೆಲಸದ ಒತ್ತಡದ ಫಲ ಎಂದಿತು. ಹಾಗಾದರೆ ದೋಷ ಹುಡುಕಬೇಕಾದದ್ದು ಕೆಲಸದಲ್ಲಿ. ವೈದ್ಯರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯೂ ಅದನ್ನೇ ಹೇಳಿತು: ವ್ಯಕ್ತಿಗೆ ಕೊಡುವ ತರಬೇತಿಗಿಂತ, ಪಾಳಿ ಮತ್ತು ಕೆಲಸದ ಹೊರೆ ಬದಲಿಸುವಂಥ ಸಂಸ್ಥೆಯ ಕ್ರಮಗಳಿಂದ ಹೆಚ್ಚು ಫಲ. ವರ್ಷಕ್ಕೊಂದು ಧ್ಯಾನ ಶಿಬಿರ ಮಾಡಿಸಿ ಕೈತೊಳೆದುಕೊಳ್ಳುವವರು ಇದನ್ನು ಗಮನಿಸಬೇಕು.

ನಮ್ಮ ಆಶಾ ಕಾರ್ಯಕರ್ತೆಯರನ್ನೇ ನೋಡಿ. ನಡುರಾತ್ರಿ ಹೆರಿಗೆ ನೋವೆಂದು ಕರೆ ಬಂದರೂ ಹೊರಡಬೇಕು. ಕೈಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಆ ಹಣ ಸರ್ಕಾರದ ಪೋರ್ಟಲ್‌ನಲ್ಲಿ ಸಿಕ್ಕಿಕೊಂಡರೆ ಅಲೆದಾಟ ಬೇರೆ. ಪ್ರಾಣಾಯಾಮದಿಂದ ಬಗೆಹರಿಯುವ ತೊಂದರೆಯೇ ಇದು?

ಹಾಗಾದರೆ ಸಂಸ್ಥೆಗಳು ಏನು ಮಾಡಬಹುದು? 1950ರ ದಶಕದಲ್ಲಿ ಲಂಡನ್ನಿನಲ್ಲಿ ಮನೋವಿಶ್ಲೇಷಕ ಮೈಕಲ್ ಬಾಲಿಂಟ್ ವೈದ್ಯರನ್ನು ಗುಂಪಾಗಿ ಕೂರಿಸಿ, ಅವರನ್ನು ಕಾಡಿದ ರೋಗಿಗಳ ಬಗ್ಗೆ ಮಾತಾಡಿಸಿದರು. ಇಂಥ ಮಾತುಕತೆಗೆ ಖರ್ಚು ಹೆಚ್ಚಿಲ್ಲ, ಸಣ್ಣ ಸಂಸ್ಥೆಯೂ ಮಾಡಬಹುದು. ಆರೈಕೆಯಲ್ಲಿದ್ದವರು ತೀರಿಕೊಂಡರೆ, ನೋಡಿಕೊಂಡವರಿಗೆ ಮರುದಿನವೇ ಹೊಸ ಮನೆ ಒಪ್ಪಿಸಬೇಡಿ. ಕಷ್ಟದ ಮನೆಗಳಿಗೆ ಇಬ್ಬರನ್ನು ಕಳಿಸಿ. ಸಂಸ್ಥೆ ನಡೆಸುವವರಲ್ಲಿ ಇನ್ನೊಂದು ವಿನಂತಿ: ರಾತ್ರಿ ಫೋನ್ ಎತ್ತುವ ಸರದಿಯನ್ನು ಈ ವಾರವೇ ಬರೆದು ಗೋಡೆಗೆ ಅಂಟಿಸಿ, ಅದರಲ್ಲಿ ನಿಮ್ಮ ಹೆಸರೂ ಇರಲಿ.