ಹಿತ್ತಲಲ್ಲಿ ನಿಂತ ಹಳೆ ಯೆಜ್ಡಿ: ಗುಜರಿಗೆ ಹಾಕೋ ಮುಂಚೆ ಇಷ್ಟು ತಿಳ್ಕೊಳ್ರಿ

ಕೆಲಗೇರಿ (ಧಾರವಾಡ): ಅಜ್ಜ ಓಡಿಸಿದ ಜಾವಾ, ಅಪ್ಪ ಸಾಲ ಮಾಡಿ ತಂದ ಯೆಜ್ಡಿ ಹಿತ್ತಲಲ್ಲೋ ದನದ ಕೊಟ್ಟಿಗೆಯಲ್ಲೋ ಧೂಳು ತಿನ್ನುತ್ತ ನಿಂತಿದ್ದರೆ ಮನೆಯವರಿಗೆ ಎರಡೇ ದಾರಿ ಕಾಣುತ್ತವೆ. ಒಂದು, ಗುಜರಿಯವರಿಗೆ ತೂಕದ ಲೆಕ್ಕದಲ್ಲಿ ಕೊಡೋದು. ಇನ್ನೊಂದು, ಗುರುತಿನ ಗ್ಯಾರೇಜಿಗೆ ತಳ್ಳಿಕೊಂಡು ಹೋಗಿ ‘ಹೆಂಗರೆ ಮಾಡಿ ಚಾಲೂ ಮಾಡ್ರಿ’ ಅನ್ನೋದು. ಯಾವ ದಾರಿ ಹಿಡಿದರೂ ಮೊದಲು ನೋಡಬೇಕಾದ್ದು ಎಂಜಿನ್ ಅಲ್ಲ, ಆರ್‌ಸಿ. ಕಾಗದ ಸರಿ ಇಲ್ಲದ ಗಾಡಿಗೆ ಎಷ್ಟು ದುಡ್ಡು ಸುರಿದರೂ ಅದು ರಸ್ತೆಗೆ ಬರೋದು ಕಷ್ಟ.

ನಮ್ಮ ರಾಜ್ಯದ್ದೇ ಗಾಡಿ

ಈ ಗಾಡಿಗಳು ತಯಾರಾಗಿದ್ದು ಮೈಸೂರಿನಲ್ಲಿ. ಐಡಿಯಲ್ ಜಾವಾ ಕಾರ್ಖಾನೆ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು 1961ರಿಂದ ಬೈಕ್ ತಯಾರಿಸಿತು. 1973ರಲ್ಲಿ ಯೆಜ್ಡಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

ಅಲ್ಲಿಂದಾಚೆ ಈ ಗಾಡಿಗಳನ್ನು ಉಳಿಸಿದ್ದು ಊರೂರಿನ ಸಣ್ಣ ಗ್ಯಾರೇಜುಗಳು. ಜಾವಾ ಹೆಸರಿನ ಬೈಕ್ 2018ರಲ್ಲಿ, ಯೆಜ್ಡಿ 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿವೆ ನಿಜ. ಆದರೆ ಅವುಗಳದ್ದು ಫೋರ್ ಸ್ಟ್ರೋಕ್ ಎಂಜಿನ್. ಹಳೆಯ ಟೂ ಸ್ಟ್ರೋಕ್ ಎಂಜಿನ್ನಿಗೆ ಅದರ ಸಾಮಾನು ಹೊಂದೋದಿಲ್ಲ.

ಅಪ್ಪನ ಕಿವಿ, ಮಗನ ಮೊಬೈಲ್

ಹಳೆ ಜಾವಾ-ಯೆಜ್ಡಿಯ ಕಟ್ಟೋಣವೇ ಬೇರೆ. ಒಂದೇ ಸಿಲಿಂಡರ್, ಸೈಲೆನ್ಸರ್ ಎರಡು. ಕಿಕ್ ಹೊಡೆಯೋ ಪೆಡಲೇ ಮುಂದೆ ಬಾಗಿದರೆ ಗೇರ್ ಪೆಡಲ್ ಆಗುತ್ತದೆ. ಕಾಲಿಂದ ಗೇರ್ ಒತ್ತಿದಾಗ ಕ್ಲಚ್ ತಾನೇ ಬಿಡುವ ವ್ಯವಸ್ಥೆಯೂ ಇದೆ. ಈಗಿನ ಬೈಕ್ ಮಾತ್ರ ಬಿಚ್ಚಿ ಕಲಿತ ಹುಡುಗರಿಗೆ ಇದು ಕೈಗೆ ಬಗ್ಗೋದಿಲ್ಲ.

ಅದಕ್ಕೇ ಈ ಕೆಲಸ ಹೆಚ್ಚಾಗಿ ಮನೆತನದ ಗ್ಯಾರೇಜುಗಳಲ್ಲಿ ಉಳಿದಿದೆ. ಅಪ್ಪ ಎಂಜಿನ್ ಸಪ್ಪಳ ಕೇಳಿಯೇ ಬೇರಿಂಗ್ ಹೋಗಿದೆಯೋ ಪಿಸ್ಟನ್ ಬಡಿಯುತ್ತಿದೆಯೋ ಹೇಳುತ್ತಾನೆ. ಮಗ ಮೊಬೈಲಿನಲ್ಲಿ ಸಾಮಾನು ಎಲ್ಲಿ ಸಿಗುತ್ತದೆ ಅಂತ ಹುಡುಕುತ್ತಾನೆ. ಇಬ್ಬರಲ್ಲಿ ಒಬ್ಬರು ಇಲ್ಲದಿದ್ದರೂ ಗಾಡಿ ಮುಂದಕ್ಕೆ ಹೋಗೋದಿಲ್ಲ. ಮಗ ಬೇರೆ ಕೆಲಸ ಹಿಡಿದರೆ ಆ ವಿದ್ಯೆ ಅಪ್ಪನ ಜೊತೆಗೇ ಮುಗಿಯುತ್ತದೆ.

ಒಂದು ಗಾಡಿ ಪೂರ್ತಿ ಬಿಚ್ಚಿದರೆ ಕೆಲಸ ಒಂದೇ ಅಂಗಡಿಗೆ ಸೀಮಿತವಲ್ಲ. ಸಿಲಿಂಡರ್ ಬೋರ್ ಮಾಡಲು ಲೇಥ್‌ನವರು, ರಿಮ್ಮು-ಸೈಲೆನ್ಸರಿಗೆ ಪ್ಲೇಟಿಂಗ್‌ನವರು, ಟ್ಯಾಂಕಿಗೆ ಪೇಂಟರ್, ಸೀಟಿಗೆ ಕುಶನ್ ಹೊಲಿಯುವವರು ಬೇಕು. ಟ್ಯಾಂಕಿನ ಮೇಲಿನ ಬಂಗಾರದ ಬಣ್ಣದ ಗೆರೆ ಕೈಯಿಂದ ಎಳೆಯುವ ಪೇಂಟರುಗಳು ಈಗ ಅಪರೂಪ.

‘ವಿಂಟೇಜ್’ ಅಂದರೆ ಯಾವುದು?

ಹಳೇದೆಲ್ಲ ವಿಂಟೇಜ್ ಅಲ್ಲ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಮಾಡಿದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿ ಮಾತ್ರ ವಿಂಟೇಜ್. ಅಂದರೆ ಯೆಜ್ಡಿ ಹೆಸರಿನ ಮೊದಮೊದಲ ಗಾಡಿಗಳು ಈಗಷ್ಟೇ ಆ ಗೆರೆ ಮುಟ್ಟಿವೆ. ರೋಡ್‌ಕಿಂಗ್‌ಗೆ 2028ರ ತನಕ ಕಾಯಬೇಕು.

ವಿಂಟೇಜ್ ಎಂದು ಹೊಸದಾಗಿ ನೋಂದಾಯಿಸಲು ಶುಲ್ಕ 20,000 ರೂಪಾಯಿ, 10 ವರ್ಷದ ಬಳಿಕ ಮರುನೋಂದಣಿಗೆ 5,000. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಾ ಸಂತೆಗೆ, ಅಂಗಡಿಗೆ ಒಯ್ಯುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ದಿನಾ ಓಡಿಸಬೇಕು ಅನ್ನುವವರಿಗೆ ಸಾಮಾನ್ಯ ಆರ್‌ಸಿಯನ್ನೇ ಐದೈದು ವರ್ಷಕ್ಕೆ ನವೀಕರಿಸುವ ದಾರಿಯೇ ಸರಿ. 20 ವರ್ಷ ದಾಟಿದ ಬೈಕಿಗೆ ಈ ನವೀಕರಣದ ಶುಲ್ಕ 2025ರ ಆಗಸ್ಟ್‌ನಲ್ಲಿ 2,000 ರೂಪಾಯಿಗೆ ಏರಿದೆ.

‘15 ವರ್ಷ ಆದ ಗಾಡಿ ಗುಜರಿಗೇ ಹೋಗಬೇಕಂತ’ ಎಂಬ ಮಾತು ಹಲವರನ್ನು ಹೆದರಿಸಿದೆ. ಅದು ಸರ್ಕಾರಿ ವಾಹನಗಳ ನಿಯಮ. 2023ರ ಏಪ್ರಿಲ್ 1ರಿಂದ ಅವುಗಳ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ನಮ್ಮ ಕಡೆ ಖಾಸಗಿ ಬೈಕು ತಪಾಸಣೆಯಲ್ಲಿ ಪಾಸಾಗಿ ನವೀಕರಣವಾದರೆ ಓಡಿಸಬಹುದು.

ಗ್ಯಾರೇಜಿಗೆ ಕೊಡುವ ಮುಂಚೆ

* ಆರ್‌ಸಿ ತೀರಿಕೊಂಡ ಹಿರಿಯರ ಹೆಸರಿನಲ್ಲಿದ್ದರೆ ಮರಣ ಪತ್ರ, ವಾರಸುದಾರರ ದಾಖಲೆ ಜೊತೆ ಆರ್‌ಟಿಒದಲ್ಲಿ ಫಾರಂ 31 ಕೊಟ್ಟು ಹೆಸರು ಬದಲಿಸಿಕೊಳ್ಳಿ. ರಿಪೇರಿ ಆಮೇಲೆ.
* ಚಾಸಿ ನಂಬರು, ಎಂಜಿನ್ ನಂಬರು ಆರ್‌ಸಿ ಜೊತೆ ತಾಳೆ ನೋಡಿ, ಫೋಟೊ ತೆಗೆದಿಡಿ. ತುಕ್ಕು ತಿಕ್ಕುವಾಗ, ಪೇಂಟ್ ಮಾಡುವಾಗ ಈ ನಂಬರು ಅಳಿಸಿಹೋದರೆ ಆಮೇಲೆ ಗಾಡಿ ನಿಮ್ಮದೇ ಅಂತ ತೋರಿಸೋದೇ ತಲೆನೋವು.
* ನಿಂತ ಗಾಡಿಗೆ ಒಮ್ಮೆಲೇ ಕಿಕ್ ಹೊಡೆಯಬೇಡಿ. ನಮ್ಮ ಕಡೆಯ ಜಿಟಿಜಿಟಿ ಮಳೆಯ ತೇವಕ್ಕೆ ಪಿಸ್ಟನ್ ರಿಂಗು ಸಿಲಿಂಡರಿಗೆ ಕಚ್ಚಿರಬಹುದು. ಒತ್ತಾಯ ಮಾಡಿದರೆ ರಿಂಗು ಮುರಿದು ಸಿಲಿಂಡರ್ ಗೀರುತ್ತದೆ.
* ಬಿಚ್ಚಿದ ಹಳೆ ಸಾಮಾನು ವಾಪಸ್ ಕೇಳಿ. ತುಕ್ಕು ಹಿಡಿದ ಮೂಲ ಟ್ಯಾಂಕ್, ಮೀಟರ್, ಹೆಡ್‌ಲೈಟ್ ಡೂಮ್ ಹೊಸ ನಕಲಿಗಿಂತ ಬೆಲೆಯುಳ್ಳವು. ವಿಂಟೇಜ್ ನೋಂದಣಿಗೂ ಮೂಲ ರೂಪವೇ ಆಧಾರ.
* ಖರ್ಚಿನ ಲೆಕ್ಕ ಎಂಜಿನ್ ಬಿಚ್ಚಿದ ಮೇಲೆ ಬರೆಸಿಕೊಳ್ಳಿ, ಹಣ ಹಂತಹಂತವಾಗಿ ಕೊಡಿ. ಸಾಮಾನು ಸಿಗುವ ತನಕ ಕಾಯಬೇಕಾಗುತ್ತದೆ, ‘ಹಬ್ಬಕ್ಕ ಬೇಕ ಬೇಕು’ ಅಂತ ಅವಸರ ಮಾಡಿದರೆ ಸಿಕ್ಕ ಸಾಮಾನು ಹಾಕಿ ಕೊಡುತ್ತಾರೆ.

ಚಾಲೂ ಆದ ಮೇಲೆ

ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಲೇಬೇಕು, ಮರೆತರೆ ಪಿಸ್ಟನ್ ಸೀಜ್ ಆಗುತ್ತದೆ. ಅಳತೆ ಮೆಕ್ಯಾನಿಕ್ ಹತ್ತಿರ ಕೇಳಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರಿಕೊಂಡು ಟ್ಯಾಂಕಿಗೆ ತುಕ್ಕು ತರುತ್ತದೆ, ಹಳೆ ರಬ್ಬರ್ ಪೈಪು, ವಾಶರುಗಳನ್ನು ಹಾಳು ಮಾಡುತ್ತದೆ. ಪೈಪು ಬದಲಿಸಿ, ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕ್ ಮತ್ತು ಕಾರ್ಬೊರೇಟರ್ ಖಾಲಿ ಮಾಡಿಡಿ.

ಗುಜರಿಗೆ ಹೋದ ಗಾಡಿ ತಿರುಗಿ ಬರೋದಿಲ್ಲ. ಅದನ್ನು ಬಿಚ್ಚಿ ಕಟ್ಟಬಲ್ಲ ಹಿರಿಯ ಮೆಕ್ಯಾನಿಕ್ಕುಗಳೂ ವರ್ಷದಿಂದ ವರ್ಷಕ್ಕೆ ಕಡಿಮೆ ಆಗುತ್ತಿದ್ದಾರೆ. ಮಾಡಿಸುವ ಮನಸ್ಸಿದ್ದರೆ ಈ ವಾರವೇ ಆರ್‌ಸಿ ಹುಡುಕಿ ತೆಗೆಯಿರಿ.